ಹಣ್ಣು ಬೆಳಗಿತು, ಕಾಯಿ ಕಪ್ಪಾಯಿತು

ಆ ಪುಸ್ತಕದ ಪುಟದಲ್ಲಿ ಬರೀ ಚುಕ್ಕಿಗಳಿದ್ದವು. ದೊಡ್ಡವು, ಸಣ್ಣವು, ಮೆಣಸು ಸಾಸಿವೆ ಬೆರೆತು ಚೆಲ್ಲಿದ ಹಾಗೆ. ಡಾಕ್ಟರಮ್ಮ ಪುಟದ ಮೇಲೆ ಬೆರಳಿಟ್ಟು "ಓದಿ" ಅಂದರು.

ನಾನು ಓದಿದವನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವನು. ಗೋಣಿಬೀಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ, ನಮ್ಮದು. ಅಲ್ಲಿಂದ ಮೂಡಿಗೆರೆ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ರಜೆಯಲ್ಲಿ ಕಾಫಿ ನರ್ಸರಿಯಲ್ಲಿ ಪ್ಯಾಕೆಟ್ಟಿಗೆ ಮಣ್ಣು ತುಂಬಿ ಬಿ.ಎ. ಮಾಡಿದೆ. ಲೈನ್‌ನಲ್ಲಿ ಯಾರಿಗೆ ಯಾವ ಕಾಗದ ಬಂದರೂ ಓದಿ ಹೇಳುವವನು ನಾನೇ. "ನಮ್ಮ ಸತೀಶನಿಗೆ ಏನು ಕೊಟ್ರೂ ಓದ್ತಾನೆ" ಅಂತ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದರು.

"ಓದಿ" ಅಂದರು ಇನ್ನೊಂದು ಸಲ.

"ಮೇಡಂ, ಇಲ್ಲಿ ಏನೂ ಬರೆದಿಲ್ಲ."

"ಒಂದು ಸಂಖ್ಯೆ ಇದೆ ನೋಡಿ."

"ಎಲ್ಲಿ?"

ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವನೊಬ್ಬ ಕಿಸಕ್ಕೆಂದ. ಡಾಕ್ಟರಮ್ಮ ಪುಟ ತಿರುಗಿಸಿದರು. ಅಲ್ಲೂ ಮೆಣಸು ಸಾಸಿವೆ. ಇನ್ನೊಂದು ಪುಟ, ಮತ್ತೊಂದು ಪುಟ. ಒಂದರಲ್ಲಿ ಮಾತ್ರ ಏನೋ ಕಂಡಂತಾಗಿ ಖುಷಿಯಿಂದ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಅದು ಬೇರೆಯವರಿಗೆ ಕಾಣುವ ಸಂಖ್ಯೆಯಲ್ಲವಂತೆ.

ಅರಣ್ಯ ರಕ್ಷಕನ ಕೆಲಸದ ಮೆಡಿಕಲ್ ಟೆಸ್ಟ್ ಅದು, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ. ಓಟದಲ್ಲಿ ಪಾಸಾಗಿದ್ದೆ, ಜಿಗಿತದಲ್ಲಿ ಪಾಸಾಗಿದ್ದೆ. ಮನೆಯಲ್ಲಿ ಅಮ್ಮ ಆಗಲೇ ಖಾಕಿ ಬಟ್ಟೆಗೆ ಯಾವ ಟೈಲರ್ ಒಳ್ಳೆಯವನು ಅಂತ ವಿಚಾರಿಸಿಟ್ಟಿದ್ದರು. ಆ ಚುಕ್ಕಿ ಪುಸ್ತಕ ನಾನು ಓದಲಾರದೆ ಹೋದ ಮೊದಲ ಪುಸ್ತಕ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಹಾಗೇ ಇವತ್ತೂ ಯಾರೋ ಕೂತಿರುತ್ತಾರೆ. ಅವರಿಗೆ ಹೇಳಬೇಕಾದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದು ಒಳ್ಳೆಯ ಸಂಗತಿ. ಮೊದಲೇ ಹೇಳಿಬಿಡೋಣ ಅನ್ನಿಸುತ್ತದೆ, ಆದರೆ ಬಂದ ದಾರಿಯಲ್ಲೇ ಹೇಳುತ್ತೇನೆ.

ಕೆಂಪು ಹಸಿರು ಗೊತ್ತಾಗುತ್ತಿಲ್ಲ ನಿಮಗೆ, ಹೊರಗೆ ಕೂರಿ, ಆಮೇಲೆ ಕರೆಯುತ್ತೇವೆ ಅಂದರು. ಬೆಂಚಿನ ಮೇಲೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಮುಖ ಮೇಲೆ ಮಾಡಿ ಕೂತ ಮುದುಕ ಮುದುಕಿಯರ ಸಾಲು. ಪಕ್ಕದ ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡೇ ನನ್ನ ಮೊಣಕೈ ಮುಟ್ಟಿದರು.

"ನೀನು ಯಾರನ್ನ ಕರ್ಕೊಂಡು ಬಂದಿದ್ದು ಮಗ?"

"ಯಾರನ್ನೂ ಇಲ್ಲ ಅಜ್ಜಿ, ನಂದೇ ಕಣ್ಣು."

"ಇಷ್ಟು ಸಣ್ಣ ವಯಸ್ಸಿಗೆ ಕಣ್ಣು ಕಾಣಲ್ವಾ?"

"ಕಾಣ್ತದೆ. ಬಣ್ಣ ಗೊತ್ತಾಗಲ್ವಂತೆ. ಕೆಂಪು, ಹಸಿರು."

"ಅಷ್ಟೇನಾ? ನಂಗೆ ಬಣ್ಣ ಹಾಳಾಗ್ಲಿ, ಬಾಗಿಲೇ ಕಾಣಲ್ಲ. ಮೊನ್ನೆ ದನ ಅಂತ ನಮ್ಮ ಅಳಿಯನ್ನ ಹೊಡೆದೆ." ಸೆರಗಿನ ಗಂಟು ಬಿಚ್ಚಿ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ. ಆ ಪೆಪ್ಪರ್‌ಮಿಂಟಿನ ರುಚಿ ಈಗಲೂ ನಾಲಿಗೆಯ ಮೇಲಿದೆ.

ಒಳಗೆ ಕರೆದಾಗ ಡಾಕ್ಟರಮ್ಮ ಕುರ್ಚಿ ತೋರಿಸಿದರು. ಸಾಲಿನಲ್ಲಿ ಬಂದವರಿಗೆ ಯಾರೂ ಕುರ್ಚಿ ಕೊಡುವುದಿಲ್ಲ, ಅಲ್ಲೇ ಗೊತ್ತಾಯಿತು ಕೆಲಸ ಹೋಯಿತು ಅಂತ. "ಇದಕ್ಕೆ ಮಾತ್ರೆ ಇಲ್ಲಪ್ಪ. ಆಪರೇಷನ್ನೂ ಇಲ್ಲ. ಹೆಚ್ಚೂ ಆಗಲ್ಲ, ಕಡಿಮೆಯೂ ಆಗಲ್ಲ. ಹುಟ್ಟಿದಾಗಿನಿಂದ ನೀವು ಹೀಗೇ ನೋಡ್ತಾ ಇದ್ದೀರಿ, ಗೊತ್ತಿರಲಿಲ್ಲ ಅಷ್ಟೇ" ಅಂದರು. ಆಮೇಲೆ ಕೇಳಿದರು, "ತಾಯಿ ಕಡೆ ಅಜ್ಜ ಇದ್ದಾರಾ?"

"ಇದ್ದಾರೆ ಮೇಡಂ."

"ಅವರಿಗೆ ಬಣ್ಣ ಸರಿಯಾಗಿ ಗೊತ್ತಾಗ್ತದಾ?"

ಅಜ್ಜನನ್ನು ಯಾರು ಅಂಥದ್ದು ಕೇಳಿದ್ದಾರೆ? ಆದರೆ ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ನಾನು ಕುರ್ಚಿಯಿಂದ ಅರ್ಧ ಎದ್ದೆ. ಯಾಕೆಂದರೆ ನಮ್ಮ ಅಜ್ಜನ ಹೆಸರು ಅಣ್ಣಪ್ಪ. ಊರೆಲ್ಲ ಕರೆಯುವುದು ಕಾಯಣ್ಣಪ್ಪ ಅಂತ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಫಿ ಗಿಡದಲ್ಲಿ ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಲ್ಲಿ ನಾಲ್ಕು ಹಣ್ಣಿದ್ದರೆ ಪಕ್ಕದಲ್ಲಿ ಆರು ಕಾಯಿ ಇರುತ್ತವೆ. ಹಣ್ಣು ಕೆಂಪು, ಕಾಯಿ ಹಸಿರು ಅನ್ನುತ್ತಾರೆ. ಮೊದಲ ಕುಯ್ಲಿನಲ್ಲಿ ಹಣ್ಣು ಮಾತ್ರ ಬಿಡಿಸಬೇಕು, ಕಾಯಿ ಮುಟ್ಟಬಾರದು. ಕಾಯಿ ಸೇರಿದರೆ ಕಾಫಿಯ ರುಚಿ ಕೆಡುತ್ತದೆ. ಆದರೆ ಕುಯ್ಯುವವರಿಗೆ ಕೂಲಿ ತೂಕದ ಮೇಲೆ. ಹಾಗಾಗಿ ಚೀಲದಲ್ಲಿ ಕಾಯಿ ಹೆಚ್ಚಿದ್ದರೆ ಅದಕ್ಕೆ ಒಂದೇ ಅರ್ಥ: ತೂಕಕ್ಕೋಸ್ಕರ ಕದ್ದು ಸೇರಿಸಿದ್ದಾನೆ. ಅಜ್ಜ ಹರೆಯದಲ್ಲಿದ್ದಾಗ ಮೇಸ್ತ್ರಿ ಅವರ ಚೀಲವನ್ನು ಎಲ್ಲರ ಎದುರು ಸುರಿಸಿ, ಕಾಯಿಯನ್ನೆಲ್ಲ ಅವರ ಪಂಚೆಗೇ ಕಟ್ಟಿಸಿ ಮನೆಗೆ ಕಳಿಸಿದ್ದನಂತೆ. ಆಮೇಲೆ ಕುಯ್ಲಿಗೆ ಸೇರಿಸಲೇ ಇಲ್ಲ. ಗುಂಡಿ ತೆಗೆಯಲು, ಮರ ಹತ್ತಿ ನೆರಳಿನ ಕೊಂಬೆ ಕಡಿಯಲು ಹಾಕಿದರು. ಮೇಸ್ತ್ರಿ ಸತ್ತ, ಮಾಲೀಕರು ಬದಲಾದರು, ಹೆಸರು ಮಾತ್ರ ಉಳಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕೆಲಸ ಹೋದ ದುಃಖವೂ ಇತ್ತು, ಅದರ ಪಕ್ಕದಲ್ಲೇ ಏನೋ ಒಂದು ಕುದಿಯುತ್ತಲೂ ಇತ್ತು. ಇಡೀ ಬಾಲ್ಯ ಬಂದು ಪಕ್ಕದ ಸೀಟಿನಲ್ಲಿ ಕೂತು ಮಾತಾಡಿದ ಹಾಗೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿ ಕಾಲೆಲ್ಲ ರಕ್ತವಾದರೂ ನಾನು ಕೆಸರು ಅಂದುಕೊಂಡು ಹಾಗೇ ಶಾಲೆಯೊಳಗೆ ಹೋಗಿ ಟೀಚರ್ ಕಿರುಚಿದ್ದು. ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್ ನೋಡಿ ಎಲ್ಲರೂ ಹಾ ಅಂದರೆ, ಇವರಿಗೇನಾಯಿತು ಅಂತ ನಾನು ಸುತ್ತ ನೋಡಿದ್ದು. ಕಾಲೇಜಿನವರು ಕಳಸದ ಕಡೆ ಬೆಟ್ಟ ಹತ್ತಲು ಹೋದಾಗ ಬಂಡೆಯ ಮೇಲೆ ಕೆಂಪು ಬಣ್ಣದ ಬಾಣ ಬರೆದಿದೆ, ಅದನ್ನೇ ಹಿಡಿದು ಬಾ ಅಂದರೆ, ಯಾವ ಬಂಡೆ ಯಾವ ಬಾಣ ಅಂತ ತಿಳಿಯದೆ ನಾನೊಬ್ಬನೇ ಹುಲ್ಲಿನ ಏಣು ಹಿಡಿದು ಅವರಿಗಿಂತ ಮೊದಲೇ ಮೇಲೆ ಮುಟ್ಟಿದ್ದು. ಹಸಿರು ಹಾವು ಬೇಲಿಯಲ್ಲಿದ್ದರೆ ಮೊದಲು ಕಾಣುವುದು ಮಾತ್ರ ನನಗೇ. ನಾನು ಬಣ್ಣ ಹುಡುಕುವುದೇ ಇಲ್ಲವಲ್ಲ, ಆಕಾರ ಹುಡುಕುತ್ತೇನೆ.

ಎಲ್ಲಕ್ಕಿಂತ ದೊಡ್ಡದು ಇದು: ಚಿಕ್ಕವನಿದ್ದಾಗ ರಜೆಯಲ್ಲಿ ಅಮ್ಮನ ಜೊತೆ ಕುಯ್ಲಿಗೆ ಹೋದರೆ ನನ್ನ ಬುಟ್ಟಿ ತುಂಬುತ್ತಲೇ ಇರಲಿಲ್ಲ. ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಮಾತ್ರ ಬಿಡಿಸುತ್ತಿದ್ದೆ. ಎಲ್ಲರೂ ಹೀಗೇ ಮಾಡುತ್ತಾರೆ, ಅವರ ಕೈ ಜೋರು ಅಂದುಕೊಂಡಿದ್ದೆ. ಕೊನೆಗೆ ಅಮ್ಮ ಅಪ್ಪನಿಗೆ ಹೇಳಿದ್ದು ನನಗೆ ನೆನಪಿದೆ. "ಇವನ ಕೈ ಭಾರೀ ನಿಧಾನ. ತೋಟಕ್ಕೆ ಆಗೋ ಮಗ ಅಲ್ಲ ಇದು. ಓದ್ಲಿ ಬಿಡಿ."

ನೋಡಿ, ನಾನು ಡಿಗ್ರಿ ಓದಿದ್ದು ಈ ಕಣ್ಣಿನಿಂದಲೇ.

ಮನೆಗೆ ಹೋಗಿ ಹೇಳಿದೆ. ಸರಿಯಾಗಿ ಹೇಳಲಿಲ್ಲ. "ಇದು ತಾಯಿ ಕಡೆಯಿಂದ ಬರ್ತದಂತೆ" ಅಂತ ಶುರು ಮಾಡಿಬಿಟ್ಟೆ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಅಂದ್ರೆ ನನ್ನಿಂದ ನಿನ್ನ ಕೆಲಸ ಹೋಯ್ತು ಅಂತ."

"ಹಂಗಲ್ಲ ಅಮ್ಮ."

"ಮತ್ತೆ ಹೆಂಗೆ? ಒಂಬತ್ತು ತಿಂಗಳು ಹೊತ್ತಿದ್ದಕ್ಕೆ ಇದೊಂದು ಬಾಕಿ ಇತ್ತು."

ಅಪ್ಪ ಮಧ್ಯೆ ಬಂದು, "ನಮ್ಮ ಕಡೆಯವರಿಗೆಲ್ಲ ಕಣ್ಣು ಸರಿ ಇದೆ" ಅಂದದ್ದು ದೊಡ್ಡ ತಪ್ಪಾಯಿತು. ಆ ರಾತ್ರಿ ಅಪ್ಪನಿಗೆ ಮೀನು ಸಾರಿನಲ್ಲಿ ಮೀನು ಸಿಗಲಿಲ್ಲ.

ಅಜ್ಜ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಜ್ಜಿ ಹೋದ ಮೇಲೆ ಅವರು ನಮ್ಮ ಜೊತೆಗೇ ಇರುವುದು. ನಾನು ಹತ್ತಿರ ಹೋಗಿ, ಅಮ್ಮನ ಹಳೆಯ ಎರಡು ರವಿಕೆ ಬಟ್ಟೆ ಮುಂದೆ ಹಿಡಿದೆ. ಒಂದು ಕೆಂಪು, ಒಂದು ಹಸಿರು ಅಂತ ಅಮ್ಮನೇ ಆರಿಸಿ ಕೊಟ್ಟಿದ್ದು. ನನಗೆ ಎರಡೂ ಒಂದೇ ತರ, ಹಳೆ ಗೋಣಿಯ ಬಣ್ಣ.

"ಅಜ್ಜ, ಇದ್ಯಾವುದು, ಇದ್ಯಾವುದು?"

ಅಜ್ಜ ಎರಡನ್ನೂ ಮುಟ್ಟಿ ನೋಡಿದರು. "ಇದು ಸ್ವಲ್ಪ ದಪ್ಪ" ಅಂದರು.

"ಬಣ್ಣ ಅಜ್ಜ, ಬಣ್ಣ."

"ಬಣ್ಣ ಒಂದೇ ಅಲ್ವನಾ?"

ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಇದು ನಮಗಿಬ್ಬರಿಗೂ ಇದೆ, ಹುಟ್ಟಿನಿಂದ ಇದೆ, ನಾವು ಬೇಕಂತ ಮಾಡಿದ್ದಲ್ಲ. ಅಜ್ಜ ಕೇಳುತ್ತಾ ಕೇಳುತ್ತಾ ಮುಂದಕ್ಕೆ ಬಗ್ಗಿದರು.

"ಹಂಗಾದ್ರೆ," ಅಂದರು, "ಬೇರೆಯವರಿಗೆ ಅದು ದೂರದಿಂದಲೇ ಗೊತ್ತಾಗ್ತದಾ?"

"ಹೌದು ಅಜ್ಜ. ನೋಡಿದ ಕೂಡಲೇ."

"ಒತ್ತಿ ನೋಡೋದೇ ಬೇಡ?"

"ಬೇಡ."

ಅಜ್ಜ ಹೇಳಿದರು, "ನಾನು ಅವರೆಲ್ಲ ಅಂದಾಜಿನ ಮೇಲೆ ಕುಯ್ತಾರೆ ಅಂದ್ಕೊಂಡಿದ್ದೆ. ಅವರ ಅಂದಾಜು ಭಾರೀ ಒಳ್ಳೇದು ಅಂತ. ಒತ್ತುತ್ತಾ ಕೂತ್ರೆ ಚೀಲ ತುಂಬಲ್ಲ, ಅದಕ್ಕೆ ನಾನೂ ಅಂದಾಜಿನ ಮೇಲೆ ಕುಯ್ದೆ." ಆಮೇಲೆ ಅಮ್ಮನ ಕಡೆ ತಿರುಗಿ, "ಕೇಳ್ದೆಯಾ ಮಗಳೇ, ನಾನು ಕಳ್ಳ ಅಲ್ವಂತೆ" ಅಂದರು. ಅಮ್ಮ ಸೌಟು ಕೆಳಗಿಟ್ಟು ಅವರ ಪಕ್ಕ ಹೋಗಿ ಕೂತರು. ನನ್ನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಅಪ್ಪನ ಮೇಲಿನದು ಇನ್ನೂ ಎರಡು ದಿನ ಇತ್ತು.

ಆದರೆ ಕೆಲಸ ಬೇಕಲ್ಲ. ನನಗೆ ಕುರ್ಚಿ ಮೇಲೆ ಕೂರುವ ಕೆಲಸ ಬೇಡ, ಬೆಟ್ಟದಲ್ಲಿ ಓಡಾಡುವ ಕೆಲಸವೇ ಬೇಕು, ಡಿಗ್ರಿಗೂ ಮರ್ಯಾದೆ ಇರಬೇಕು. ಕಳಸದ ಹತ್ತಿರ ಒಂದು ತೋಟದಲ್ಲಿ ರೈಟರ್ ಬೇಕು ಅಂತ ಸುದ್ದಿ ಬಂತು. ಕಾಫಿ ತೋಟದಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಹಾಕಿ, ಕೆಲಸ ನೋಡಿ, ಸಂಜೆ ಕುಯ್ದ ಹಣ್ಣನ್ನು ಪರೀಕ್ಷೆ ಮಾಡಿ ತೂಕ ಮಾಡಿಸುವವನು. ಕುಯ್ಲಿನ ಕಾಲದಲ್ಲಿ ಅವನ ಕಣ್ಣೇ ತೋಟದ ಕಣ್ಣು. ನಾನು ಆ ಕೆಲಸಕ್ಕೆ ಅರ್ಜಿ ಹಾಕಿದೆ ಅಂದಾಗ ಅಪ್ಪ, "ಬೇರೆ ಯಾವ್ದೂ ಸಿಗ್ಲಿಲ್ವಾ ಮಾರಾಯ ನಿಂಗೆ?" ಅಂದರು.

ಮ್ಯಾನೇಜರ್ ಸರ್ ನನ್ನ ಸರ್ಟಿಫಿಕೇಟ್ ನೋಡಿ ಒಪ್ಪಿದರು. ಆಗ ನಾನು ವಿಷಯ ಹೇಳಿದೆ. ಮುಚ್ಚಿಟ್ಟು ಸೇರುವುದು ನನಗೆ ಆಗುತ್ತಿರಲಿಲ್ಲ. ನಮ್ಮ ಮನೆಗೆ ಒಂದು ಕಳ್ಳನ ಹೆಸರು ಸಾಕು.

ಅವರು ಮೇಜಿನ ಮೇಲಿಂದ ಪೆನ್ ಎತ್ತಿ ಹಿಡಿದರು. "ಇದು ಯಾವ ಬಣ್ಣ?"

ನನ್ನಂಥವರೆಲ್ಲರಿಗೂ ಇದು ಗೊತ್ತು. ಬಣ್ಣ ಗೊತ್ತಾಗಲ್ಲ ಅಂತ ಹೇಳಿದ ಮರುಕ್ಷಣ ಇಡೀ ಪ್ರಪಂಚ ಒಂದೊಂದೇ ಸಾಮಾನು ಎತ್ತಿ ತೋರಿಸಿ ಇದ್ಯಾವ ಬಣ್ಣ ಅನ್ನುತ್ತದೆ. ಕಾಲಿಲ್ಲದವನಿಗೆ ಸ್ವಲ್ಪ ಓಡಿ ತೋರಿಸು ಅನ್ನುವುದಿಲ್ಲ, ನಮಗೆ ಅನ್ನುತ್ತಾರೆ.

"ನೀಲಿ ಸರ್. ನೀಲಿ, ಹಳದಿ, ಬಿಳಿ ನಿಮ್ಮಷ್ಟೇ ಕಾಣ್ತದೆ."

"ಕಾಯಿ ಹಣ್ಣು ಹೆಂಗೆ ನೋಡ್ತೀಯ?"

"ಕೈಯಲ್ಲಿ ಸರ್. ಹಣ್ಣು ಮೆತ್ತಗೆ, ಕಾಯಿ ಕಲ್ಲು."

ಅವರು ಪೆನ್ ಕೆಳಗಿಟ್ಟರು. "ಈ ಕುಯ್ಲು ಮುಗಿಯೋವರೆಗೆ ನೋಡೋಣ. ಆದ್ರೆ ಲೋಡಲ್ಲಿ ಕಾಯಿ ಸೇರಿ ಹೋದ್ರೆ ನಾನು ಮುಲಾಜು ನೋಡಲ್ಲ."

ಗಿಡದಲ್ಲಿ ಒಂದೊಂದೇ ಒತ್ತಬಹುದು. ಸಂಜೆ ಕಣದಲ್ಲಿ ಮೂವತ್ತು ಹೆಂಗಸರು ಚೀಲ ಸುರಿದಾಗ ಎಷ್ಟನ್ನು ಒತ್ತುವುದು? ತೂಕಕ್ಕೆ ಮೊದಲು ಅವರವರೇ ಕಾಯಿ ಆರಿಸಿ ಬೇರೆ ಮಾಡಬೇಕು ಅನ್ನುವುದು ತೋಟದ ಪದ್ಧತಿ. ಅವರು ಆರಿಸಿದ್ದು ಸರಿಯೋ ಅಂತ ನೋಡುವುದು ರೈಟರ್ ಕೆಲಸ. ನಾನು ಬೊಗಸೆ ಬೊಗಸೆ ಎತ್ತಿ ಒತ್ತುತ್ತಿದ್ದೆ, ಹಿಟ್ಟು ನಾದುವವನ ಹಾಗೆ. ಕುಯ್ಲಿನ ಗುಂಪಿಗೆ ಹಿರಿಯಳು ಶೇಷಕ್ಕ. ಮಾತು ಅಂದರೆ ಮೆಣಸಿನಕಾಯಿ.

"ಏನ್ ರೈಟ್ರೇ, ದಿನಾ ಹಣ್ಣಿಗೆ ಮಾಲೀಷು ಮಾಡ್ತೀರಿ?"

"ನಂಗೆ ಬಣ್ಣ ಗೊತ್ತಾಗಲ್ಲ ಶೇಷಕ್ಕ. ಒತ್ತಿ ನೋಡ್ಬೇಕು."

"ಹೌದಾ?" ಸೆರಗು ಎತ್ತಿ ಹಿಡಿದಳು. "ಇದು ಯಾವ ಬಣ್ಣ?"

ಅವತ್ತಿನಿಂದ ಅವರಿಗೆ ಅದೊಂದು ಆಟ. ರಾಶಿಯ ಮೇಲೆ ಹಣ್ಣು, ಕೆಳಗೆ ಕಾಯಿ. ನಾನು ಕೈ ಹಾಕುವ ಜಾಗ ಬಿಟ್ಟು ಉಳಿದ ಕಡೆ ಕಾಯಿ. ಬೇಕಂತ ಮೋಸ ಮಾಡುವವರಲ್ಲ ಅವರು. ಬೆಳಿಗ್ಗೆಯಿಂದ ಇಳಿಜಾರಿನಲ್ಲಿ ನಿಂತು ಸುಸ್ತಾಗಿರುತ್ತಾರೆ, ಆರಿಸುವುದು ಬೇಜಾರು, ನೋಡುವವನಿಗೆ ಕಾಣುವುದಿಲ್ಲ ಅಂದಮೇಲೆ ಯಾರು ಆರಿಸುತ್ತಾರೆ? ಒಂದು ಸಂಜೆ ಪಲ್ಪರ್ ಮನೆಯಿಂದ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಇರುವಲ್ಲಿಂದ, ಮ್ಯಾನೇಜರ್ ಸರ್ ನೇರ ಕಣಕ್ಕೆ ಬಂದರು. ಮುಷ್ಟಿ ಬಿಚ್ಚಿ ತೋರಿಸಿದರು. ನನಗೆ ಏನೂ ಗೊತ್ತಾಗಲಿಲ್ಲ. ಮುಟ್ಟಿದೆ. ಎಲ್ಲ ಕಲ್ಲು.

"ಇವತ್ತಿನ ಲೋಡಲ್ಲಿ ಬಂದಿದ್ದು ಇದು."

ಹೆಂಗಸರೆಲ್ಲ ತಮ್ಮ ತಮ್ಮ ರಾಶಿಯ ಕಡೆ ನೋಡಿದರು.

"ಸತೀಶ, ನೀನು ಒಳ್ಳೆ ಹುಡುಗ. ಈ ವಾರ ನೋಡ್ತೀನಿ. ಆಗದಿದ್ರೆ ಬೇರೆಯವರನ್ನ ಹಾಕ್ಬೇಕಾಗ್ತದೆ."

ಅವರು ಹೋದ ಮೇಲೆ ಶೇಷಕ್ಕ ಹತ್ತಿರ ಬಂದು, "ನಾವು ತಮಾಷೆಗೆ ಮಾಡಿದ್ದು ರೈಟ್ರೇ" ಅಂದಳು. ನನ್ನ ಕಣ್ಣೆದುರು ಇದ್ದದ್ದು ಅಜ್ಜನ ಪಂಚೆ. ಎಲ್ಲರ ಎದುರು ಕಾಯಿ ಕಟ್ಟಿಕೊಂಡು ಮನೆಗೆ ಹೋಗುವುದು ನಮ್ಮ ಮನೆಯವರಿಗೆ ಇದು ಎರಡನೇ ಸಲವಾಗುತ್ತದೆ ಅನ್ನಿಸಿತು.

ಇನ್ನು ನಾನು ಹೇಳಬೇಕು ಅಂದುಕೊಂಡಿದ್ದ ಸಂಗತಿ.

ಮಾರನೆಯ ಸಂಜೆ. ಹಣ್ಣು ಸಾಗಿಸುವ ಜೀಪಿನ ಡ್ರೈವರ್ ಸುಧಾಕರ ನನ್ನ ವಯಸ್ಸಿನವನು, ಹಾಡು ಹಾಕಿಕೊಂಡೇ ರಿವರ್ಸ್ ತೆಗೆಯುವವನು. ಹಾಗೇ ತೆಗೆದು ಕಣದ ಕಲ್ಲು ಕಂಬಕ್ಕೆ ಗುದ್ದಿದ. ಹಿಂದಿನ ಲೈಟು ಚೂರಾಯಿತು.

"ಬರ್ಲಿ ಬರ್ಲಿ ಅನ್ನೋಕೆ ಒಬ್ಬರಿಗಾದ್ರೂ ಬಾಯಿ ಇಲ್ವನಾ?" ಅಂತ ಇಳಿದು ಬಂದ.

"ನಿನ್ನ ಹಾಡಿನಲ್ಲಿ ಕೇಳಿದ್ರೆ ತಾನೇ" ಅಂದಳು ಶೇಷಕ್ಕ.

ಹೆಂಗಸರೆಲ್ಲ ಬರಿಗಾಲಿನಲ್ಲಿದ್ದರು. ಚುಚ್ಚಬಾರದು ಅಂತ ನಾನು ಚೂರು ಆರಿಸತೊಡಗಿದೆ. ಉಳಿದದ್ದೆಲ್ಲ ಪುಡಿ, ಅಂಗೈ ಅಗಲದ್ದು ಒಂದೇ ಒಂದು ಪ್ಲಾಸ್ಟಿಕ್ ಚೂರು ಕೈಗೆ ಬಂತು. ಅದರೊಳಗಿಂದ ಸುಧಾಕರನ ಮುಖ ಹೇಗೆ ಕಾಣುತ್ತದೆ ನೋಡೋಣ ಅಂತ ಕಣ್ಣಿಗೆ ಹಿಡಿದೆ. ಅವನು ಹಾಗೇ ಇದ್ದ. ಅವನ ಹಿಂದೆ ರಾಶಿ ಇತ್ತು.

ರಾಶಿ ಒಡೆದು ಹೋಗಿತ್ತು.

ಹೇಗೆ ಹೇಳಲಿ? ಇಷ್ಟು ವರ್ಷ ಒಂದೇ ಬಣ್ಣದ ಗುಡ್ಡೆಯಾಗಿದ್ದದ್ದು ಎರಡಾಗಿತ್ತು. ಹಣ್ಣೆಲ್ಲ ಕೆಂಡದ ಹಾಗೆ ಬೆಳಗುತ್ತಿತ್ತು, ಅದರ ನಡುವೆ ಅಲ್ಲೊಂದು ಇಲ್ಲೊಂದು, ಬೆಳಕು ಆರಿದ ಹಾಗೆ ಕಪ್ಪು ಕಪ್ಪು. ಚೂರು ತೆಗೆದೆ, ಎಲ್ಲ ಒಂದೇ. ಹಿಡಿದೆ, ಬೇರೆ ಬೇರೆ. ತೆಗೆದೆ, ಹಿಡಿದೆ. ಬಗ್ಗಿ ಒಂದು ಕಪ್ಪನ್ನು ಎತ್ತಿ ಒತ್ತಿದೆ. ಕಲ್ಲು. ಇನ್ನೊಂದು. ಕಲ್ಲು. ಬೆಳಗುವುದೊಂದನ್ನು ಎತ್ತಿದೆ. ಬೀಜ ಪುಳಕ್ಕಂತ ಹೊರಗೆ ಬಂತು.

ಒಂದು ಕಣ್ಣಿಗೆ ಚೂರು ಹಿಡಿದುಕೊಂಡು ಶೇಷಕ್ಕನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೋಳಿ ಹೆಕ್ಕುವ ಹಾಗೆ ಹೆಕ್ಕಿದೆ. ಮೇಲಿನದು, ಬದಿಯದು, ಕೆದರಿ ಅಡಿಯದು. ಎಲ್ಲ ಅವಳ ಮುಂದೆ ಹಾಕಿದೆ.

"ಮೈಮೇಲೆ ಏನಾದ್ರೂ ಬಂತನಾ ಇವರಿಗೆ?" ಅಂದಳು ಶೇಷಕ್ಕ. ನಾನು ಹಾಕಿದ್ದನ್ನು ಕೈಯಲ್ಲಿ ಹರಡಿ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದಳು. "ಎಲ್ಲ ಕಾಯಿಯೇ."

"ಗೊತ್ತು."

"ಕಾಣ್ತದಾ ರೈಟ್ರೇ?"

"ಕಾಣ್ತದೆ ಶೇಷಕ್ಕ."

ಆ ಸಂಜೆ ನಾನು ಮಾಡಿದ ಕೋತಿಯಾಟ ತೋಟದವರು ಇನ್ನೂ ಆಡಿ ತೋರಿಸುತ್ತಾರೆ. ಚೂರು ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಓಡಿದೆ. ಮೆಣಸಿನ ಬಳ್ಳಿಯಲ್ಲಿ ಹಣ್ಣಾದ ಒಂದೇ ಒಂದು ಕಾಳು ಮಿಂಚುವುದನ್ನು ನೋಡಿದೆ. ದಾಸವಾಳ ನೋಡಿದೆ. ಎಲೆಯ ನಡುವೆ ಇಷ್ಟೊಂದು ಹೂವು ಇತ್ತಾ? ಒಬ್ಬೊಬ್ಬರ ಸೀರೆ ನೋಡಿದೆ, ಬೈಸಿಕೊಂಡೆ. ಹಿಂದಿನ ಲೈಟಿನ ಪ್ಲಾಸ್ಟಿಕ್ಕು ಕೆಂಪಂತೆ, ಅದು ಹಸಿರನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಕಾಯಿ ಕಪ್ಪಾಗಿ ಕಾಣುತ್ತದೆ ಅಂತ ಆಮೇಲೆ ತಿಳಿಯಿತು. ಸುಳ್ಳು ಹೇಳಬಾರದು, ಈ ಚೂರಿನಿಂದ ನನಗೆ ಕೆಂಪು ಅಂದರೆ ಏನು ಅಂತ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಅನ್ನುವುದು ಮಾತ್ರ ಕಂಡಿತು. ಅಷ್ಟು ಕಂಡರೆ ಸಾಕಾಗಿತ್ತು ನನಗೆ.

ವಾರದ ಕೊನೆಗೆ ಮ್ಯಾನೇಜರ್ ಸರ್ ಬಂದು ಅವರೇ ಒಂದು ತಟ್ಟೆಯಲ್ಲಿ ಕಾಯಿ ಹಣ್ಣು ಬೆರೆಸಿ ಇಟ್ಟರು. ಸುತ್ತ ಮೂವತ್ತು ಹೆಂಗಸರು, ಕುತ್ತಿಗೆ ಚಾಚಿಕೊಂಡು ಸುಧಾಕರ. ನಾನು ಚೂರು ಹಿಡಿದು ಆರಿಸಿ ಎರಡು ಪಾಲು ಮಾಡಿದೆ. ಅವರು ನೋಡಿದರು, ಇನ್ನೊಮ್ಮೆ ನೋಡಿದರು. ಚೂರು ಇಸಿದುಕೊಂಡು ತಮ್ಮ ಕಣ್ಣಿಗೂ ಹಿಡಿದು ನೋಡಿದರು.

"ಹೊತ್ತು ಮುಳುಗಿದ ಮೇಲೆ?"

"ಅಷ್ಟು ಸರಿ ಕಾಣಲ್ಲ ಸರ್. ಬೆಳಕು ಬೇಕು."

"ಹಂಗಾದ್ರೆ ನಾಳೆಯಿಂದ ತೂಕ ಬೇಗ ಶುರು ಮಾಡು" ಅಂತ ಚೂರು ವಾಪಸು ಕೊಟ್ಟು ಹೋದರು. ಕೆಲಸ ಉಳಿಯಿತು ಅಂತ ಅವರು ಬಾಯಲ್ಲಿ ಹೇಳಲೇ ಇಲ್ಲ. ಶೇಷಕ್ಕ ಹೇಳಿದಳು. "ಅಯ್ಯೋ ದೇವ್ರೇ, ಇನ್ನು ಆರಿಸ್ಲೇಬೇಕು."

ಅರೇಬಿಕಾ ಕಾಫಿ ಮುಗಿದು, ತಡವಾಗಿ ಹಣ್ಣಾಗುವ ರೋಬಸ್ಟಾ ಕುಯ್ಲು ಶುರುವಾದಾಗ ಅಮ್ಮ ಅಜ್ಜನನ್ನು ಕರೆದುಕೊಂಡು ಬಂದರು. ಮೊಮ್ಮಗ ರೈಟರ್ ಆದ ತೋಟ ನೋಡಬೇಕಂತೆ. ಮೂಡಿಗೆರೆಯಲ್ಲಿ ಬಸ್ ಬದಲಿಸಿ, ಕೊಟ್ಟಿಗೆಹಾರದಲ್ಲಿ ಅಮ್ಮನಿಗೆ ವಾಂತಿಯಾಗಿ, ಮಧ್ಯಾಹ್ನದ ಮೇಲೆ ಮುಟ್ಟಿದರು. ನಾನು ಅಜ್ಜನನ್ನು ಒಂದು ಗಿಡದ ಮುಂದೆ ನಿಲ್ಲಿಸಿ, ಕೈಗೆ ಚೂರು ಕೊಟ್ಟೆ.

"ಇದನ್ನ ಕಣ್ಣಿಗೆ ಹಿಡಿ ಅಜ್ಜ."

ಹಿಡಿದರು. ಬಹಳ ಹೊತ್ತು ಹಾಗೇ ನಿಂತರು. ಗಿಡದ ಹತ್ತಿರಕ್ಕೆ ಮುಖ ಒಯ್ದರು, ಹಿಂದಕ್ಕೆ ತಂದರು. ಚೂರು ತೆಗೆದು ಬರಿಗಣ್ಣಲ್ಲಿ ನೋಡಿ, ಮತ್ತೆ ಹಿಡಿದರು.

"ಇದಾ?" ಅಂದರು.

"ಇದೇ ಅಜ್ಜ."

"ಅವರಿಗೆಲ್ಲ ಇಷ್ಟು ಸಲೀಸಾ?"

ನಾನು ಹೌದು ಅಂದೆ. ಅಜ್ಜ ಪಂಚೆಯ ತುದಿಯನ್ನು ಮಡಿಲಾಗಿ ಮಾಡಿಕೊಂಡು ಒಂದು ಕೈಯಲ್ಲಿ ಚೂರು ಹಿಡಿದು ಇನ್ನೊಂದು ಕೈಯಲ್ಲಿ ಬಿಡಿಸತೊಡಗಿದರು. ಒತ್ತಿ ನೋಡಲಿಲ್ಲ. ಒಂದನ್ನೂ ಒತ್ತಲಿಲ್ಲ. ಗೊಂಚಲಿನಿಂದ ಬೇಕಾದ್ದನ್ನೇ ಎತ್ತುತ್ತಾ ಗಿಡದ ಸುತ್ತ ಒಂದು ಸುತ್ತು ಬಂದರು.

ಮಡಿಲು ತುಂಬಿದ ಮೇಲೆ ಅಜ್ಜ ನೇರ ಕಣಕ್ಕೆ ನಡೆದರು. ತೂಕ ನಡೆಯುತ್ತಿತ್ತು. ಎಲ್ಲರ ನಡುವೆ ಹೋಗಿ, ಹಾಸಿದ ಗೋಣಿಯ ಮೇಲೆ ಮಡಿಲು ಸುರಿದರು. ಶೇಷಕ್ಕನಿಗೆ, "ನೋಡಮ್ಮ, ಇದರಲ್ಲಿ ಕಾಯಿ ಇದ್ರೆ ಹೇಳು" ಅಂದರು.

ಅವರು ಯಾರು ಅಂತ ಅವಳಿಗೆ ಗೊತ್ತಿತ್ತು, ನಾನು ಎಲ್ಲ ಹೇಳಿದ್ದೆ. ಅವಳು ತಮಾಷೆ ಮಾಡಲಿಲ್ಲ. ಕೂತು, ಎರಡೂ ಕೈಯಲ್ಲಿ ಹರಡಿ, ಒಂದೊಂದನ್ನೇ ಸರಿಸಿ ನೋಡಿದಳು. ಸುತ್ತ ನಿಂತವರೂ ಬಗ್ಗಿದರು. ಅಜ್ಜ ಪಂಚೆ ಕೊಡವಿಕೊಂಡು ನಿಂತಿದ್ದರು, ಬೆನ್ನು ನೆಟ್ಟಗೆ ಮಾಡಿಕೊಂಡು.

ಕೊನೆಗೆ ಶೇಷಕ್ಕ ಒಂದನ್ನು ಎತ್ತಿದಳು. "ಒಂದು ಇದೆ ಅಜ್ಜ."

ಅಜ್ಜ ಅದನ್ನು ತೆಗೆದುಕೊಂಡು ಚೂರಿನಲ್ಲಿ ನೋಡಿದರು. ತಿರುಗಿಸಿ ನೋಡಿದರು. "ಇದು ನನ್ನದಲ್ಲ" ಅಂದರು. "ಇದು ಆ ಗೋಣಿಯಲ್ಲಿ ಮೊದಲೇ ಇತ್ತು."

ಶೇಷಕ್ಕ ಅವರ ಮುಖ ನೋಡಿದಳು, ಪಕ್ಕದ ತನ್ನ ರಾಶಿ ನೋಡಿದಳು. "ಹೌದು ಅಜ್ಜ, ನಂದೇ" ಅಂದು ಅದನ್ನು ತನ್ನ ರಾಶಿಗೆ ಹಾಕಿಕೊಂಡಳು. ಯಾರದ್ದೋ ಗೊತ್ತಿಲ್ಲ. ಆದರೆ ಕಣದ ತುಂಬ ನಗು ಎದ್ದಿತು, ಅದರಲ್ಲಿ ಎಲ್ಲಕ್ಕಿಂತ ಜೋರು ಅಜ್ಜನದೇ.

ಸಂಜೆ ಬಸ್ ಹತ್ತಿಸುವಾಗ ನಾನು ಕೈ ಚಾಚಿದೆ. "ಅಜ್ಜ, ಚೂರು."

ಅಜ್ಜ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತರು. "ಅವರು ಕೊಡಲ್ಲ, ಬಿಡು" ಅಂದರು ಅಮ್ಮ. ಬಸ್ ಹೊರಟಿತು.

ಬಸ್ಸಿನವರೆಗೆ ಬಿಡಲು ಜೀಪು ತಂದಿದ್ದ ಸುಧಾಕರ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಅವನ ಜೀಪಿನ ಹಿಂದಕ್ಕೆ ಹೋಗಿ ಇನ್ನೊಂದು ಬದಿಯ ಲೈಟನ್ನು ಒಮ್ಮೆ ಸವರಿ ನೋಡಿದೆ.

"ಬೇಡ ಮಾರಾಯ" ಅಂದ ಸುಧಾಕರ.

"ನೀನು ಹಾಡು ಹಾಕು," ಅಂದೆ, "ನಾನು ಬರ್ಲಿ ಬರ್ಲಿ ಅಂತೀನಿ."